ನೆಗೆಟಿವ್ ಯಾರದು?

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಹುಳಿ ವಾಸನೆ. ಹೆಂಡದ ಗಡಿಗೆ ಹಳಸಿದರೆ ಬರುತ್ತದಲ್ಲ, ಅಂಥದು. ನಲವತ್ತು ಐವತ್ತು ವರ್ಷದ ನೆಗೆಟಿವ್‌ಗಳು ಕೊಳೆಯಲಿಕ್ಕೆ ಹತ್ತಿವೆ. ಫಿಲ್ಮಿನ ಮೈ ಅಸಿಟೇಟಿನದು. ಶೆಕೆ, ತೇವ, ಗಾಳಿಯಾಡದ ಪೆಟ್ಟಿಗೆ ಮೂರೂ ಸೇರಿದರೆ ಅದು ತನ್ನಷ್ಟಕ್ಕೆ ತಾನೇ ಒಡೆದು ಆಮ್ಲ ಬಿಡುತ್ತದೆ. ಒಂದು ರೀಲಿನಿಂದ ಹೊರಟ ಆಮ್ಲ ಪಕ್ಕದ ರೀಲನ್ನೂ ಕೆಡಿಸುತ್ತದೆ. ಕೆಲವು ಒಣಗಿದ ಎಲೆಯ ಹಾಗೆ ಸುರುಟಿಕೊಂಡಿದ್ದವು. ಕೆಲವದರ ಮೇಲಿನ ಪದರ ಹಾವಿನ ಪೊರೆಯಂತೆ ಎದ್ದಿತ್ತು.

ಈ ಟ್ರಂಕನ್ನು ನಾವಾಗಿ ನಾವು ತೆಗೆಯಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡಬೇಕು. ತೆಗೆಸಿದವನು ಒಬ್ಬ ಹುಡುಗ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಅಂತ ನಿಂತು, ಹೇಳಿದ: "ಸಾರ್, ನಮ್ಮಜ್ಜಿ ಪಟ ನಿಮ್ಮತ್ರ ಐತಂತೆ. ನಮ್ಮವ್ವ ಕೇಳ್ಕಂಡ್ ಬಾ ಅಂದ್ಲು."

ನಮಗೆ ಕೂಡಲೇ ಗೊತ್ತಾಯಿತು, ಯಾವ ಪಟ ಅಂತ. ಗೊತ್ತಾದದ್ದೇ ನಮ್ಮ ತಪ್ಪಿಗೆ ಸಾಕ್ಷಿ. ಮರೆತಿದ್ದರೆ ಮರೆತಿದ್ದೆವು ಅನ್ನಬಹುದಿತ್ತು.

ನಾವು ಅಂದರೆ ಮೂವರು. ಸರ್ಕಾರಿ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಓದಿದವರು. ಒಬ್ಬ ಈಗಿಲ್ಲ, ಅವನನ್ನೂ ಸೇರಿಸಿಯೇ 'ನಾವು' ಎನ್ನುತ್ತಿದ್ದೇವೆ, ಯಾಕೆಂದರೆ ಟ್ರಂಕಿನಲ್ಲಿರುವ ಅರ್ಧ ಕೆಲಸ ಅವನದು. 1970ರ ಸುಮಾರಿಗೆ ಸ್ಕಾಲರ್‌ಶಿಪ್ಪಿನ ದುಡ್ಡು ಕೂಡಿಸಿ ರೈಲ್ವೆ ಗುಮಾಸ್ತರೊಬ್ಬರಿಂದ ಹಳೆಯ ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಂಡೆವು. ಡಬ್ಬಿಯಂಥ ಕ್ಯಾಮೆರಾ, ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಹಾಸ್ಟೆಲಿನ ಅಡುಗೆಯಣ್ಣ ರಾತ್ರಿ ಹೊತ್ತು ಅಕ್ಕಿ ಉಗ್ರಾಣದ ಬೀಗದಕೈ ಕೊಡುತ್ತಿದ್ದ. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಗೋಣಿಚೀಲ, ಬಲ್ಬಿಗೆ ಕೆಂಪು ಗಾಜಿನ ಕಾಗದ. ಅದೇ ನಮ್ಮ ಡಾರ್ಕ್‌ರೂಮು. ಊಟದ ಮೂರು ತಟ್ಟೆಯಲ್ಲಿ ಮೂರು ನೀರು: ಡೆವಲಪರ್, ಸಾದಾ ನೀರು, ಹೈಪೋ. ಡೆವಲಪರನ್ನು ನಾವೇ ತೂಗಿ ಬೆರೆಸುತ್ತಿದ್ದೆವು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಡಿ-76 ಎಂಬ ಹದ ಅದು, 1927ರಿಂದಲೂ ಪ್ರಪಂಚವೆಲ್ಲ ಬಳಸಿದ್ದು. ನಮ್ಮಲ್ಲೊಬ್ಬ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದ. ಅಡುಗೆಯಣ್ಣ ಬಂದು ಬಗ್ಗಿ ನೋಡುವನು. ಬಿಳಿ ಕಾಗದದ ಮೇಲೆ ಮೊದಲು ಕಣ್ಣು, ಆಮೇಲೆ ಕೂದಲು, ಆಮೇಲೆ ಮುಖ ಮೂಡುವಾಗ "ಲೇ, ಹೆರಿಗೆ ಆದಂಗ್ ಆಯ್ತದಲ್ರೋ" ಅಂದಿದ್ದ. ಆ ಮಾತಿಗಿಂತ ಚೆನ್ನಾಗಿ ಆಮೇಲೆ ಯಾರೂ ಹೇಳಲಿಲ್ಲ.

ಕ್ಯಾಮೆರಾ ನಮ್ಮ ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ಮುಂಚೆ ನಮ್ಮ ಕೇರಿಯಲ್ಲಿ ಫೋಟೋ ಅಂದರೆ ಎರಡೇ. ಸತ್ತಾಗ ತೆಗೆಸಿದ್ದು, ಇಲ್ಲವೇ ಸಾಲದ ಕಾಗದಕ್ಕೆ ಅಂಟಿಸಲು ತೆಗೆಸಿದ್ದು. ಸ್ಕೂಲಿನ ಗ್ರೂಪ್ ಫೋಟೋ ಒಂದಿತ್ತು. ಅದರಲ್ಲಿ ಹಿಂದಿನ ಸಾಲಿನಲ್ಲಿ ನಾವಿದ್ದೇವೆ. ಇದ್ದೇವೆ ಅಂತ ನಾವು ಹೇಳಬೇಕು ಅಷ್ಟೆ, ಕಾಣುವುದಿಲ್ಲ. ಸುಣ್ಣ ಬಳಿದ ಗೋಡೆ, ಮುಂದೆ ಬಿಳಿ ಪಂಚೆಯ ಮೇಷ್ಟರು, ಹಿಂದೆ ಐದಾರು ಮಸಿ ಬೊಟ್ಟು. ಆ ಬೊಟ್ಟುಗಳೇ ನಾವು. ಸ್ಟುಡಿಯೊದವನಿಗೆ ನಮ್ಮ ಮೇಲೇನೂ ದ್ವೇಷವಿರಲಿಲ್ಲ. ಅವನು ಬೆಳಕನ್ನು ಅಳೆದದ್ದು ಪಂಚೆಗೆ. ಬೆಳಕು ಅಳೆಯುವ ಮೀಟರಿಗೆ ಮನುಷ್ಯರ ಗುರುತಿಲ್ಲ. ಎದುರಿಗಿರುವುದೆಲ್ಲ ಸರಾಸರಿ ಬೂದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಹದಿನೆಂಟರಷ್ಟನ್ನು ಹಿಂದಕ್ಕೆ ಕೊಡುವಂಥದು ಎಂದು ಅದು ನಂಬಿರುತ್ತದೆ. ಬಿಳಿ ಹೆಚ್ಚಿದ್ದ ಕಡೆ 'ಬೆಳಕು ಸಾಕು' ಎಂದುಬಿಡುತ್ತದೆ. ಆ 'ಸಾಕು' ಪಂಚೆಗೆ ಸಾಕು. ಕರಿ ಮುಖಕ್ಕೆ ಇನ್ನೊಂದು ಪಟ್ಟು, ಎರಡು ಪಟ್ಟು ಬೇಕು. ಕಸುಬಿನವರು ಇದನ್ನು 'ಸರಿಯಾದ ಎಕ್ಸ್‌ಪೋಷರ್' ಎನ್ನುತ್ತಾರೆ. ಯಾರಿಗೆ ಸರಿ ಎಂದು ಕೇಳುವುದನ್ನು ನಾವು ಕಲಿತದ್ದು ಆ ಗ್ರೂಪ್ ಫೋಟೋದಿಂದ.

ಇದು ನಮ್ಮೂರ ಸ್ಟುಡಿಯೊದ ಕತೆ ಮಾತ್ರವಲ್ಲ ಅಂತ ಬಹಳ ವರ್ಷಗಳ ಮೇಲೆ ತಿಳಿಯಿತು. ಅಮೆರಿಕದ ಕೊಡಕ್ ಕಂಪನಿ 1950ರ ದಶಕದಿಂದ ಬಣ್ಣದ ಪ್ರಿಂಟಿನ ಹದ ನೋಡಿಕೊಳ್ಳಲು ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರ ಮೇಲೆ ಒಬ್ಬ ಬಿಳಿಯ ಹೆಣ್ಣುಮಗಳು. ಅವಳ ಚರ್ಮ ಸರಿ ಬಂದರೆ ಪ್ರಿಂಟ್ ಸರಿ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಅಂತಲೇ ಹೆಸರಾಯಿತು. ಬೇರೆ ಬೇರೆ ಮೈಬಣ್ಣದ ಹೆಂಗಸರು ಕೊಡಕ್‌ನ ಕಾರ್ಡಿನ ಮೇಲೆ ಒಟ್ಟಿಗೆ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಕೆನಡಾದ ಸಂಶೋಧಕಿ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕಂದು ಬಣ್ಣದ ಛಾಯೆಗಳು ಫಿಲ್ಮಿನಲ್ಲಿ ಸರಿಯಾಗಿ ಬರುತ್ತಿಲ್ಲವೆಂದು ಕಂಪನಿಗೆ ದೂರು ಕೊಟ್ಟವರು ಯಾರು ಎಂಬುದನ್ನು ಅಲ್ಲಿ ಕೆಲಸ ಮಾಡಿದ್ದವರಿಂದಲೇ ಕೇಳಿ ಬರೆದಿದ್ದಾರೆ. ದೂರು ಕೊಟ್ಟವರು ಚಾಕೊಲೇಟ್ ಮಾಡುವವರು, ಮರದ ಪೀಠೋಪಕರಣ ಮಾಡುವವರು. ಮಾಲು ಸರಿಯಾಗಿ ಕಾಣಬೇಕಲ್ಲ! ಕರಿಯ ಮನುಷ್ಯ ಕಾಣದಿದ್ದಾಗ ಏಳದ ಪ್ರಶ್ನೆ ಕಂದು ಮೇಜು ಕಾಣದಿದ್ದಾಗ ಎದ್ದಿತು.

ಹಾಗಾಗಿ ನಾವು ನಮ್ಮವರ ಫೋಟೋ ತೆಗೆಯುವಾಗ ಗೋಡೆ ಹಾಳಾದರೆ ಹಾಳಾಗಲಿ, ಆಕಾಶ ಸುಟ್ಟರೆ ಸುಡಲಿ, ಮುಖ ಬರಬೇಕು ಎಂದು ಹಟ ಹಿಡಿದೆವು. ಹಟದಲ್ಲಿ ನ್ಯಾಯವಿತ್ತು. ಆದರೆ ನ್ಯಾಯದ ಪಕ್ಕದಲ್ಲೇ ಸುಳ್ಳೂ ಕೂತಿರುತ್ತದೆ. ಪ್ರಿಂಟ್ ಹಾಕುವಾಗ ಮುಖದ ಮೇಲೆ ಬೀಳುವ ಬೆಳಕಿಗೆ ಒಂದು ರಟ್ಟಿನ ಚೂರು ಅಡ್ಡ ಹಿಡಿದರೆ ಮುಖ ಬೆಳ್ಳಗಾಗುತ್ತದೆ. "ವಸಿ ಬೆಳ್ಳಗ್ ಮಾಡ್ರಪ್ಪ, ಗಂಡಿನೋರ್ಗೆ ತೋರ್ಸಬೇಕು" ಅಂತ ಬರುವರು. ಮಾಡಿಕೊಟ್ಟೆವು. ಒಂದು ಸಲ ಗಂಡಿನ ಕಡೆಯವರು ಪಟ ನೋಡಿ ಒಪ್ಪಿ, ಹೆಣ್ಣು ನೋಡಿ ಎದ್ದುಹೋದರು. ಆ ಹುಡುಗಿಯ ಅಪ್ಪ ನಮ್ಮನ್ನು ಬೈಯಲಿಲ್ಲ, ಪಟವನ್ನು ತಂದು ನಮ್ಮ ಜಗಲಿಯ ಮೇಲಿಟ್ಟು ಹೋದ. ಇರುವುದನ್ನು ಕಾಣಿಸುವುದು ಬೇರೆ, ಇಲ್ಲದ್ದನ್ನು ಬಳಿಯುವುದು ಬೇರೆ ಎಂಬುದು ಬಾಯಲ್ಲಿ ಹೇಳಲು ಸುಲಭ. ಕತ್ತಲೆ ಕೋಣೆಯಲ್ಲಿ ಎರಡಕ್ಕೂ ಅದೇ ರಟ್ಟು, ಅದೇ ಕೈ. ನಡುವೆ ನಾಲ್ಕೈದು ಸೆಕೆಂಡಿನ ವ್ಯತ್ಯಾಸ.

ನೀರಿನ ವಿಷಯ ಹೇಳದೆ ಮುಂದೆ ಹೋಗಲಾಗದು. ಹೈಪೋದಲ್ಲಿ ಅದ್ದಿದ ಪ್ರಿಂಟನ್ನು ಹರಿಯುವ ನೀರಿನಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ತೊಳೆಯಬೇಕು ಎಂದು ಪುಸ್ತಕ ಹೇಳುತ್ತದೆ. ತೊಳೆಯದಿದ್ದರೆ ಕಾಗದದ ನಾರಿನೊಳಗೆ ಕೂತ ಹೈಪೋ ವರ್ಷಗಟ್ಟಲೆ ಬೆಳ್ಳಿಯನ್ನು ತಿನ್ನುತ್ತದೆ, ಚಿತ್ರ ಹಳದಿಯಾಗಿ ಕಂದಾಗಿ ಅಳಿಯುತ್ತದೆ. ರಜೆಗೆ ಊರಿಗೆ ಹೋದಾಗ ಕೇರಿಯಲ್ಲೇ ಪ್ರಿಂಟ್ ಹಾಕುತ್ತಿದ್ದೆವು. ಹರಿಯುವ ನೀರು! ಊರ ಬಾವಿಯನ್ನು ನಾವು ಮುಟ್ಟುವ ಹಾಗಿರಲಿಲ್ಲ. ನಮ್ಮವ್ವಂದಿರು ಹೊಲದ ಬಾವಿಯಿಂದ ಹೊತ್ತು ತಂದ ಎರಡು ಕೊಡ ನೀರಿನಲ್ಲಿ ಕುಡಿಯುವುದು, ಬೇಯಿಸುವುದು, ಮುಖ ತೊಳೆಯುವುದು, ಅದರ ಮೇಲೆ ನಮ್ಮ ಹುಚ್ಚು. ಒಂದು ಬಕೆಟ್ಟಿನಲ್ಲಿ ಮುಳುಗಿಸಿ ತೆಗೆದು ಒಣಹಾಕುತ್ತಿದ್ದೆವು. ಇವತ್ತು ಆ ಟ್ರಂಕಿನಲ್ಲಿ ಹಾಸ್ಟೆಲಿನ ನಲ್ಲಿಯಲ್ಲಿ ತೊಳೆದ ಪ್ರಿಂಟುಗಳು ನೆಟ್ಟಗಿವೆ, ಕೇರಿಯಲ್ಲಿ ತೊಳೆದವು ಹಳದಿಯಾಗಿವೆ. ಯಾವುದು ಎಲ್ಲಿಯದು ಎಂದು ಹಿಂಬದಿ ಓದಬೇಕಿಲ್ಲ, ಬಣ್ಣ ನೋಡಿದರೆ ಸಾಕು.

ಇನ್ನೊಂದು ಸಂಗತಿ ನಮಗೆ ಆಗ ಗೊತ್ತಿರಲಿಲ್ಲ. ನಮ್ಮಲ್ಲಿ ಈಗಿಲ್ಲದವನ ಅಪ್ಪ ಮೂಳೆ ಆರಿಸುತ್ತಿದ್ದ. ಸತ್ತ ದನ ಹೊರುವುದು, ಚರ್ಮ ಸುಲಿಯುವುದು, ಉಳಿದ ಮೂಳೆಯನ್ನು ಬಯಲಲ್ಲಿ ಒಣಗಿಸಿ ಗೋಣಿಯಲ್ಲಿ ತುಂಬಿ ಮೂಳೆ ಗಿರಣಿಗೆ ಮಾರುವುದು. ಅವನು ಬಂದ ದಾರಿಯಲ್ಲಿ ಜನ ಮೂಗು ಮುಚ್ಚಿಕೊಳ್ಳುವರು. ಮಗನಿಗೂ ಹಾಸ್ಟೆಲಿನಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆ. ಈಗ ನೋಡಿ: 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಬೆರೆಸಿ ಗಾಜಿನ ಮೇಲೆ ಹಚ್ಚಬಹುದೆಂದು ತೋರಿಸಿಕೊಟ್ಟ ಮೇಲೆ, ಫಿಲ್ಮು ಪ್ರಿಂಟು ಎಲ್ಲವೂ ನಿಂತಿರುವುದು ಜೆಲಟಿನ್ ಮೇಲೆ. ಜೆಲಟಿನ್ ಅಂದರೆ ದನದ ಮೂಳೆ, ದನದ ಚರ್ಮ. ಮೂಳೆ ಪುಡಿಮಾಡಿ, ಕೊಬ್ಬು ತೆಗೆದು, ಆಮ್ಲದಲ್ಲಿ ನೆನೆಸಿ ಸುಣ್ಣದ ಅಂಶ ಕಳೆದು, ಉಳಿದದ್ದನ್ನು ವಾರಗಟ್ಟಲೆ ಸುಣ್ಣದ ತಿಳಿಯಲ್ಲಿಟ್ಟು, ಬಿಸಿನೀರಿನಲ್ಲಿ ಕುದಿಸಿ ತೆಗೆಯುವ ಅಂಟು ಅದು. ಅದಕ್ಕೆ ಬದಲಿ ಹುಡುಕಿ ಹುಡುಕಿ ಕಂಪನಿಗಳು ಸೋತವು. 1925ರಲ್ಲಿ ಕೊಡಕ್‌ನ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ವಿಜ್ಞಾನಿ ಕಂಡುಹಿಡಿದದ್ದು ಇನ್ನೂ ಸೋಜಿಗದ್ದು. ಕೆಲವು ಜೆಲಟಿನ್ ಬೆಳಕಿಗೆ ಚುರುಕು, ಕೆಲವು ಮಂದ. ಯಾಕೆಂದರೆ ದನ ಮೇಯ್ದ ಸಾಸಿವೆ ಜಾತಿಯ ಗಿಡದಲ್ಲಿನ ಗಂಧಕದ ಅಂಶ ಅದರ ಮೂಳೆ ಚರ್ಮಕ್ಕೆ ಇಳಿದು, ಅಲ್ಲಿಂದ ಫಿಲ್ಮಿಗೆ ಬರುತ್ತದೆ. ದನ ಏನು ಮೇಯ್ದಿತು ಎಂಬುದರ ಮೇಲೆ ಸಿನಿಮಾ ತಾರೆಯ ಮುಖ ನಿಂತಿತ್ತು!

ಆ ಗೆಳೆಯನ ಅಪ್ಪ ಆರಿಸಿದ ಮೂಳೆ ಗೊಬ್ಬರಕ್ಕೆ ಹೋಯಿತೋ ಅಂಟಿಗೆ ಹೋಯಿತೋ ಫಿಲ್ಮಿಗೇ ಹೋಯಿತೋ, ಬಲ್ಲವರಿಲ್ಲ. ಆದರೆ ಇಂಥ ಕೈಗಳು ಎಲ್ಲೋ ಮೂಳೆ ಆರಿಸದೆ ಒಂದು ರೀಲೂ ಆಗಿಲ್ಲ. ಮಡಿಯುಟ್ಟು ಉಪನಯನದ ಫೋಟೋ ತೆಗೆಸಿಕೊಂಡವರು, ಆ ಫೋಟೋವನ್ನು ದೇವರ ಕೋಣೆಯಲ್ಲಿ ತೂಗುಹಾಕಿದವರು, ಹಾಗೆ ತೂಗುಹಾಕಿದ್ದು ಮೂಳೆಯ ಅಂಟನ್ನು. ಇದನ್ನು ಆಡಿಕೊಳ್ಳಲಿಕ್ಕಾಗಿ ಹೇಳುತ್ತಿಲ್ಲ; ಆಡಿಕೊಂಡೂ ಇದ್ದೇವೆ, ಸುಳ್ಳೇಕೆ. ನಮ್ಮನ್ನು ಕಾಡುವುದು ಬೇರೆ. ಈ ಸಂಗತಿ ತಿಳಿದಾಗ ಗೆಳೆಯ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪನ ಗೋಣಿಚೀಲಕ್ಕೂ ತನ್ನ ಕ್ಯಾಮೆರಾಕ್ಕೂ ನಂಟಿದೆ ಎಂದು ತಿಳಿಯದೆಯೇ ಹೋದ.

ಈಗ ಅಜ್ಜಿಯ ಪಟ.

1972ರ ಬರ ನೆನಪಿರುವವರಿಗೆ ವಿವರ ಬೇಡ. ಮರುವರ್ಷದ ಬೇಸಿಗೆಯಲ್ಲಿ ಬರಗಾಲದ ಕಾಮಗಾರಿಯ ರಸ್ತೆ ಬದಿಯಲ್ಲಿ ಹೆಂಗಸರು ಜಲ್ಲಿ ಕುಟ್ಟುತ್ತಿದ್ದರು. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಬಾಡಿಗೆಯ ಯಾಷಿಕಾ ಇತ್ತು, ಎರಡು ಕಣ್ಣಿನದು. ಮುದುಕಿಯೊಬ್ಬಳು ಕಲ್ಲಿನ ರಾಶಿಯ ಮೇಲೆ ಕೂತು, ಸುತ್ತಿಗೆ ಎತ್ತಿ, ನಮ್ಮ ಕಡೆ ನೋಡಿದಳು. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮುಖದ ಒಂದೊಂದು ಗೆರೆಯೂ ನೆಗೆಟಿವ್‌ನಲ್ಲಿ ಇಳಿದಿದೆ. ಒತ್ತಿದ ಮೇಲೆ ಅವಳು ಕೇಳಿದಳು: "ಪಟ ತಗದ್ಯಲ್ಲ ಮಗ, ನಂಗೂ ಒಂದು ಕೊಡ್ತೀಯ?"

"ಕೊಡ್ತೀವಿ ಕಣಜ್ಜಿ" ಅಂದೆವು.

ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. ಕೇಳದೆ ಕೊಡುವುದು ಹೇಗೆ ಅಂತ ಆಗ ಹೊಳೆಯಲೂ ಇಲ್ಲ. ಈಗ ಯೋಚಿಸಿದರೆ, ಕೊಡುತ್ತೇವೆ ಎಂದ ಗಳಿಗೆಯಲ್ಲೇ ಕೊಡುವುದಿಲ್ಲ ಎಂಬುದು ನಮ್ಮೊಳಗೆ ತೀರ್ಮಾನವಾಗಿತ್ತು.

ಆ ಕಾಲದ ಸಲೂನುಗಳಿಗೆ, ಅಂದರೆ ಛಾಯಾಚಿತ್ರ ಸ್ಪರ್ಧೆಗಳಿಗೆ, 12×15 ಇಂಚಿನ ಪ್ರಿಂಟು ಕಳಿಸಬೇಕಿತ್ತು. ಸುಕ್ಕುಗಟ್ಟಿದ ಮುಖಗಳೆಂದರೆ ಅಲ್ಲಿ ಬಹಳ ಪ್ರೀತಿ. ಬಡವರ ಮುಖದ ಗೆರೆಯನ್ನು ಬೆಟ್ಟದ ಗೆರೆಯಂತೆ, ಮರದ ತೊಗಟೆಯಂತೆ ನೋಡಿ ಸಂತೋಷಪಡುವ ರಸಿಕರು ಅಲ್ಲಿ ಸೇರುತ್ತಿದ್ದರು. ನಾವೂ ಆ ರಸಿಕರಿಗೆ ಬೇಕಾದ್ದನ್ನೇ ಬಡಿಸಿದೆವು. ಸಾಲದ್ದಕ್ಕೆ ಚಿತ್ರದ ತೂಕ ಎಡಕ್ಕೆ ವಾಲಿದೆ ಅನಿಸಿ, ಎನ್ಲಾರ್ಜರಿನಲ್ಲಿ ನೆಗೆಟಿವನ್ನು ಮಗುಚಿ ಹಾಕಿದೆವು. ಬಲಗೈಯ ಸುತ್ತಿಗೆ ಎಡಗೈಗೆ ಬಂತು. 'ಬದುಕಿನ ಗೆರೆಗಳು' ಎಂದು ಹೆಸರಿಟ್ಟೆವು. ಸರ್ಟಿಫಿಕೇಟ್ ಬಂತು. ಅದರ ಮೇಲೆ ನಮ್ಮ ಹೆಸರಿತ್ತು.

ಇಷ್ಟೇ ಆಗಿದ್ದರೆ ಹುಡುಗುತನ ಎನ್ನಬಹುದಿತ್ತು. ಮುಂದೆ ಚಳವಳಿಗೆ ಬಂದೆವು. ಸಲೂನುಗಳನ್ನು ಬೈದೆವು. ಬಡತನವನ್ನು ಚಂದ ಮಾಡಿ ಮಾರುವವರನ್ನು ಬೈದು ಬರೆದೆವು. ಹಾಗೆ ಬೈಯುತ್ತಲೇ ಅದೇ ಅಜ್ಜಿಯನ್ನು, ಅದೇ ಮಗುಚಿದ ನೆಗೆಟಿವ್‌ನಿಂದ, ನಮ್ಮ ಜಾಥಾದ ಪೋಸ್ಟರಿಗೆ ಹಾಕಿದೆವು. ಈ ಸಲ ಅವಳ ಹೆಸರು 'ಹಸಿವು'. ಕೈಯಲ್ಲಿ ಸುತ್ತಿಗೆ ಇತ್ತಲ್ಲ, ಮುಂದಿನ ವರ್ಷ ಅವಳನ್ನೇ 'ಕ್ರಾಂತಿ' ಮಾಡಿದೆವು. ಊರೂರ ಗೋಡೆಯ ಮೇಲೆ ಅಂಟಿಸಿದೆವು. ಅವಳ ಊರಿನ ಗೋಡೆಯ ಮೇಲೂ ಅಂಟಿಸಿದ್ದೆವಂತೆ. ಅವಳ ಮಗಳು ಅಲ್ಲಿ ನೋಡಿದ್ದಳಂತೆ. ಇದನ್ನು ನಮಗೆ ಹುಡುಗ ಹೇಳಿದ.

ಗೆಳೆಯರೆ, ಇಲ್ಲಿ ಎದುರಾಗುವ ಪ್ರಶ್ನೆಯನ್ನು ನಾವು ತೇಲಿಸಿಬಿಡಬಾರದು. ಸಲೂನಿಗೆ ಕಳಿಸಿದ್ದು ತಪ್ಪು, ಹೋರಾಟಕ್ಕೆ ಬಳಸಿದ್ದು ಸರಿ ಎಂದು ಬಹಳ ಕಾಲ ನಂಬಿದ್ದೆವು. ಉದ್ದೇಶ ಒಳ್ಳೆಯದಿದ್ದರೆ ಮುಖ ನಮ್ಮದು ಎಂಬ ಲೆಕ್ಕ. ಆದರೆ ಅವಳ ಕಡೆಯಿಂದ ನೋಡಿ. ಎರಡೂ ಸಲ ಅವಳನ್ನು ಕೇಳಿಲ್ಲ. ಎರಡೂ ಸಲ ಹೆಸರಿಲ್ಲ. ಎರಡೂ ಸಲ ಬೇರೆ ಯಾವುದಕ್ಕೋ ಗುರುತಾಗಿ ನಿಂತಿದ್ದಾಳೆ. ಸಲೂನಿನವನು ಗೆರೆ ಕಂಡ, ನಾವು ಹಸಿವು ಕಂಡೆವು. ಪಟ ಕೇಳಿದ ಹೆಂಗಸು ಇಬ್ಬರಿಗೂ ಕಾಣಲಿಲ್ಲ. ಶೋಷಿತರ ಪರವಾಗಿ ಎತ್ತಿದ ಕೈಯಲ್ಲೂ ಶೋಷಿತರ ಮುಖವನ್ನು ಕೇಳದೆ ಕಿತ್ತುಕೊಳ್ಳುವ ಅಭ್ಯಾಸ ಇರಬಹುದು. ನಾವೂ ಅದೇ ಕೇರಿಯವರು ಎಂಬುದು ನಮಗೆ ಪರವಾನಗಿಯಾಗುವುದಿಲ್ಲ. ಇನ್ನೂ ಕೆಟ್ಟದ್ದು ಅದು, ಯಾಕೆಂದರೆ ಬೇರೆಯವನಾಗಿದ್ದರೆ ಅವಳು "ಮಗ" ಅನ್ನುತ್ತಿರಲಿಲ್ಲ.

ಇದಕ್ಕೆ ಹಳೆಯ ಪರಂಪರೆಯೇ ಇದೆ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂದು ಎಂಟು ಸಂಪುಟ ಹೊರತಂದರು. ವಾಟ್ಸನ್ ಮತ್ತು ಕೇ ಸಂಪಾದಕರು. ಒಂದೊಂದು ಜಾತಿಗೆ, ಬುಡಕಟ್ಟಿಗೆ ಒಂದೋ ಎರಡೋ ಚಿತ್ರ. ಕೆಳಗೆ ಹೆಚ್ಚಾಗಿ ಮನುಷ್ಯನ ಹೆಸರಲ್ಲ, ಜಾತಿಯ ಹೆಸರು, ಅವರ ಗುಣಾವಗುಣ. 1869ರಲ್ಲಿ ಲಂಡನ್ನಿಗೆ ಹೋಗಿದ್ದ ಸಯ್ಯದ್ ಅಹಮದ್ ಖಾನರು ಆ ಪುಸ್ತಕದಲ್ಲಿ ತಮ್ಮ ದೇಶದವರನ್ನು ತೋರಿಸಿದ ರೀತಿ ನೋಡಿ ಅವಮಾನಪಟ್ಟರು. ಅವರಿಗೆ ಪುಸ್ತಕವಾದರೂ ನೋಡಲು ಸಿಕ್ಕಿತು. ಅದರೊಳಗೆ ನಿಂತಿರುವ ಕೆಳಜಾತಿಯ ಜನಕ್ಕೆ ಒಂದು ಹಾಳೆಯಾದರೂ ಸಿಕ್ಕಿತ್ತೇ?

ಅಮೆರಿಕದ ಕತೆಯೂ ಹೀಗೇ ಇದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. 'ವಲಸೆ ತಾಯಿ' ಎಂದು ಜಗತ್ತಿಗೆಲ್ಲ ಗೊತ್ತಾದ ಚಿತ್ರ. ಲ್ಯಾಂಗ್ ಸರ್ಕಾರದ ಸಂಬಳದಲ್ಲಿದ್ದರು, ಚಿತ್ರ ಸಾರ್ವಜನಿಕರದಾಯಿತು. ಲ್ಯಾಂಗ್ ಕೆಟ್ಟವರಲ್ಲ, ಆ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಸರ್ಕಾರ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಬೇರೆ ಕಡೆ ಹೋಗಿಯಾಗಿತ್ತು. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೊಕಿ ಮೂಲದವಳು ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷದ ಮೇಲೆ. ಆ ಚಿತ್ರದಿಂದ ತನಗೊಂದು ಕಾಸೂ ಬರಲಿಲ್ಲ, ತನ್ನ ಹೆಸರನ್ನೂ ಕೇಳಲಿಲ್ಲ ಎಂದು ಅವಳು ನೊಂದುಕೊಂಡಳು. ಲ್ಯಾಂಗ್‌ರ ಚಿತ್ರ ನಮಗೆ ಈಗಲೂ ಇಷ್ಟ. ಇಷ್ಟಪಡುವಾಗೆಲ್ಲ ಈ ಮಾತು ಮುಳ್ಳಿನ ಹಾಗೆ ಚುಚ್ಚುತ್ತದೆ.

ಹಾಗಾದರೆ ನೆಗೆಟಿವ್ ಯಾರದು? ಕಾನೂನು ಕೇಳಿದೆವು. 1957ರ ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವನು. ಬೇರೊಬ್ಬ ದುಡ್ಡು ಕೊಟ್ಟು ಹೇಳಿ ತೆಗೆಸಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಹಕ್ಕಿನ ಮೊದಲ ಒಡೆಯ ದುಡ್ಡು ಕೊಟ್ಟವನು. 2012ರ ತಿದ್ದುಪಡಿಯಾದ ಮೇಲೆ ತೆಗೆದವನು ಬದುಕಿರುವಷ್ಟು ಕಾಲ, ಸತ್ತ ಮೇಲೆ ಅರವತ್ತು ವರ್ಷ ಆ ಹಕ್ಕು ನಡೆಯುತ್ತದೆ. ಒತ್ತಿದವನಿಗೆ ಒಂದು ಕುರ್ಚಿ, ಕಾಸು ಕೊಟ್ಟವನಿಗೆ ಒಂದು ಕುರ್ಚಿ. ಬಿಸಿಲಲ್ಲಿ ಕೂತವಳಿಗೆ? ಕಾಯಿದೆಯ ಆ ಪುಟದಲ್ಲಿ ಅವಳಿಲ್ಲ. ಭೂಮಿಯ ಕಾನೂನು ಬರೆದವರಿಗೆ ಕಡೆಗೂ 'ಉಳುವವನು' ಎಂಬ ಶಬ್ದ ಬರೆಯಬೇಕಾಗಿ ಬಂತು. ಚಿತ್ರದ ಕಾನೂನಿಗೆ ಅಂಥ ಶಬ್ದ ಇನ್ನೂ ಹುಟ್ಟಿಲ್ಲ.

ಕೇಳದೆ ಯಾವ ಚಿತ್ರವನ್ನೂ ತೆಗೆಯಕೂಡದು ಎಂದು ನಾವು ಹೇಳಲಾರೆವು. ಗುಡಿಸಲಿಗೆ ಬೆಂಕಿಯಿಟ್ಟವನನ್ನು ಕೇಳಿ ಫೋಟೋ ತೆಗೆಯಲಾಗುತ್ತದೆಯೇ? ಸುಟ್ಟ ಗುಡಿಸಲ ಫೋಟೋ ಇಲ್ಲದಿದ್ದರೆ ಗುಡಿಸಲೇ ಇರಲಿಲ್ಲ ಎನ್ನುವವರು ಇದ್ದಾರೆ. ಅದು ಗೊತ್ತಿದ್ದೇ ಕ್ಯಾಮೆರಾ ಹಿಡಿದದ್ದು. ಆದರೆ ಕೇಳಬಹುದಾದ ಕಡೆ ಕೇಳದಿರುವುದು, ಕೇಳಿದವಳಿಗೆ ಕೊಡದಿರುವುದು, ಅದಕ್ಕೆ ಯಾವ ಸಿದ್ಧಾಂತದ ಆಸರೆಯೂ ಇಲ್ಲ. ಅದು ಸಾಲ. ಬಡ್ಡಿ ಬೆಳೆಯುತ್ತಿರುತ್ತದೆ.

ಇದರ ಎದುರಿಗೆ ಇನ್ನೊಂದು ಚಿತ್ರವನ್ನು ಇಡಬೇಕು. ನಮ್ಮ ಡಾರ್ಕ್‌ರೂಮಿಗೆ ಬಂದ ಮೊದಲ ದೊಡ್ಡ ಕೆಲಸ ಬಾಬಾಸಾಹೇಬರದು. ಕೇರಿಯ ಹಿರಿಯರೊಬ್ಬರು ಕ್ಯಾಲೆಂಡರಿನಿಂದ ಕತ್ತರಿಸಿದ ಅಂಬೇಡ್ಕರ್ ಚಿತ್ರ ತಂದು, "ಇದ್ನ ಎಲ್ಲಾರ್ ಮನೆಗೂ ಮಾಡ್ಕೊಡ್ರಲಾ" ಅಂದರು. ಗೋಡೆಗೆ ಮೊಳೆ ಹೊಡೆದು, ಬಿಸಿಲಲ್ಲಿ ಕಾಪಿ ತೆಗೆದು, ಒಂದೇ ನೆಗೆಟಿವ್‌ನಿಂದ ನಾಲ್ಕು ಕೇರಿಗೆ ಆಗುವಷ್ಟು ಪ್ರಿಂಟ್ ಹಾಕಿದೆವು. ಕಾಪಿಯ ಕಾಪಿಯ ಕಾಪಿ. ಕನ್ನಡಕದ ಅಂಚು, ಕೋಟಿನ ಕಾಲರು, ಅಷ್ಟೇ ಉಳಿದಿತ್ತು. ಸಲೂನಿನವರು ನೋಡಿದ್ದರೆ ನಕ್ಕುಬಿಡುತ್ತಿದ್ದರು. ಆದರೆ ಆ ಚಿತ್ರ ಮನೆಗೆ ಹೋಯಿತು. ಮಣ್ಣಿನ ಗೋಡೆಗೆ ಏರಿತು. ಹೆಸರು ಎಲ್ಲರಿಗೂ ಗೊತ್ತಿತ್ತು. ನೆಗೆಟಿವ್ ಯಾರದು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳುವ ಅಗತ್ಯ ಬೀಳಲಿಲ್ಲ.

ಹುಡುಗ ಬಂದು ಹೋದ ಮೇಲೆ ಮೂರು ದಿನ ಟ್ರಂಕಿನ ಮುಂದೆ ಕೂತೆವು. ಊಟಿಯಲ್ಲಿ 1960ರಲ್ಲಿ ಸರ್ಕಾರ ಹುಟ್ಟುಹಾಕಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಡಬ್ಬಿಗಳು ಸಿಕ್ಕವು. ಆ ಕಾರ್ಖಾನೆ ಈಗ ಇಲ್ಲ. ಪೂರ್ವ ಜರ್ಮನಿಯ ಓರ್ವೋ ಡಬ್ಬಿಗಳು ಸಿಕ್ಕವು. ಆ ದೇಶವೇ ಈಗ ಇಲ್ಲ. ಕೊಡಕ್ ಕೂಡ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಎದ್ದು ಬಂದ ಕಂಪನಿ. ಅಜ್ಜಿಯ ನೆಗೆಟಿವ್ ಒಂದು ಲಕೋಟೆಯೊಳಗೆ ಇತ್ತು. ಅಂಚು ಸುರುಟಿತ್ತು, ಪದರ ಎರಡು ಕಡೆ ಬಿಟ್ಟಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ.

ಮೊಬೈಲಿನಲ್ಲಿ ತೆಗೆದು ಅಂಗಡಿಯಲ್ಲಿ ಪ್ರಿಂಟ್ ಮಾಡಿಸಬಹುದಿತ್ತು, ಹತ್ತು ನಿಮಿಷದ ಕೆಲಸ. ಮನಸ್ಸು ಒಪ್ಪಲಿಲ್ಲ. ಈಗ ಪಟ್ಟಣದ ಹುಡುಗರಿಗೆ ಮತ್ತೆ ಫಿಲ್ಮಿನ ಶೋಕಿ ಹತ್ತಿದೆ, ಅದರಿಂದ ಕಾಗದ, ಕೆಮಿಕಲ್ಲು ಬೆಂಗಳೂರಿನಲ್ಲಿ ಸಿಕ್ಕವು. ಆ ಶೋಕಿಗೆ ಒಂದು ನಮಸ್ಕಾರ. ಬಚ್ಚಲುಮನೆಯಲ್ಲಿ ಕಂಬಳಿ ಕಟ್ಟಿದೆವು. ಕೈ ನಡುಗುತ್ತಿತ್ತು, ಮೂರು ಹಾಳೆ ಕೆಟ್ಟವು. ಈ ಸಲ ನೆಗೆಟಿವನ್ನು ಮಗುಚಲಿಲ್ಲ. ಮುಖಕ್ಕೆ ರಟ್ಟು ಹಿಡಿಯಲಿಲ್ಲ, ಇದ್ದಷ್ಟು ಕಪ್ಪು ಇರಲಿ ಎಂದು ಬಿಟ್ಟೆವು. ನಲ್ಲಿ ತಿರುಗಿಸಿ ಪೂರ್ತಿ ಒಂದು ಗಂಟೆ ತೊಳೆದೆವು.

ಅವರ ಊರಿಗೆ ಬಸ್ಸಿನಲ್ಲಿ ಹೋದೆವು. ಹುಡುಗನ ತಾಯಿ, ಅಂದರೆ ಆ ಅಜ್ಜಿಯ ಮಗಳು, ನಮ್ಮ ವಯಸ್ಸಿನವಳೇ. ಆವತ್ತು ಅದೇ ಕಾಮಗಾರಿಯಲ್ಲಿ ಹತ್ತು ಮಾರು ಆಚೆ ಕೂತು ಅವಳೂ ಜಲ್ಲಿ ಕುಟ್ಟುತ್ತಿದ್ದಳಂತೆ. ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮಗನಿಗೆ ಹೇಳಿದಳು: "ನೋಡ್ಲಾ, ನಾ ಏಳಿರ್ಲಿಲ್ವ? ಅವ್ವ ಬಲಗೈನಾಗೆ ಕುಟ್ತಿದ್ದುದ್ದು. ಗ್ವಾಡೆ ಮ್ಯಾಲೆ ಅಂಟ್ಸಿದ್ದುದ್ರಾಗೆ ಎಡಗೈನಾಗ್ ಇತ್ತು. ಅದ್ಕೇ ನಮ್ಮೂರೋರು ಇವ್ಳು ನಿಮ್ಮವ್ವ ಅಲ್ಲ ಅಂದ್ರು."

ಹುಡುಗ ನಕ್ಕ. "ಬಲಗೈಯೋರ್ ಅಜ್ಜಿನ ಎಡಗೈ ಮಾಡ್ಬುಟ್ಟಿದ್ರಲ್ಲ ದೊಡ್ಡಪ್ಪ" ಅಂದ. ಸಾರ್ ಹೋಗಿ ದೊಡ್ಡಪ್ಪ ಆಗಿದ್ದೆವು. ನಮಗೆ ನಗು ಬಂತು, ತಡೆದುಕೊಳ್ಳಲೂ ನೋಡಿದೆವು.

"ಇಷ್ಟ್ ದಿನ ಯಾಕ್ ಕೊಡ್ಲಿಲ್ಲ?" ಎಂದು ಅವಳು ಕೇಳಿದಳು. ಕೋಪದಿಂದಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಸುಮ್ಮನೆ ಕೂತೆವು. ಅವಳು ಟೀ ಕೊಟ್ಟಳು. ನೆಗೆಟಿವನ್ನೂ ಲಕೋಟೆ ಸಮೇತ ಅವಳ ಕೈಗಿಟ್ಟೆವು. ಅವಳು ಮೂಸಿ ನೋಡಿ ಮುಖ ಸಿಂಡರಿಸಿ, "ಇದ್ಯಾತಕ್ಕೆ ನಂಗೆ, ನೀವೇ ಇಟ್ಕಳಿ" ಎಂದಳು. ಇನ್ನೊಂದು ಸಲ ಕೊಡಹೋದೆವು. ತಗೊಳ್ಳಲಿಲ್ಲ. ಪಟದ ಹಿಂದೆ ಅಜ್ಜಿಯ ಹೆಸರು ಬರೆಯಿಸಿಕೊಂಡಳು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬಹುದೇ ಎಂದು ಅವಳನ್ನು ಕೇಳಿಲ್ಲ.

ಮನೆಗೆ ಬಂದು ಆ ಲಕೋಟೆಯನ್ನು ಟ್ರಂಕಿನಿಂದ ಬೇರೆಯಾಗಿ, ಗಾಳಿಯಾಡುವ ಕಡೆ ಇಟ್ಟೆವು. ಅದರ ಹಿಂದಿನ ಲಕೋಟೆ ತೆಗೆದರೆ ನಮ್ಮದೇ ಅಕ್ಷರದಲ್ಲಿ ಬರೆದಿತ್ತು: 'ಮುದುಕ, ಬೀಡಿ, ಸಂತೆ, ಒಳ್ಳೆಯ ಬೆಳಕು'. ಯಾವ ಸಂತೆ ಎಂದು ಬರೆದಿರಲಿಲ್ಲ. ಗುರುವಾರದ ಸಂತೆ ಇರಬೇಕು, ಹಿಂದೆ ಹುಣಸೆಮರದ ಸಾಲು ಕಾಣುತ್ತದೆ. ಅಲ್ಲಿಂದ ಕೇಳಿಕೊಂಡು ಹೋಗಬೇಕು.